ನೆಗ್ಗಿದ ಕೊಡ, ನೆಗ್ಗಿದ ಮಾಪು

ಕೊಡ ಕೈಜಾರಿ ಬಿತ್ತು. ನೆಗ್ಗಿತು. ಈಗ ಏನು ಮಾಡೋದು?

ಕಬ್ಬಿಣದ ಸುತ್ತಿಗೆ ತಗೊಂಡು ಜೋರಾಗಿ ಬಡಿಯಬಾರದು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಮೆತ್ತನೆಯ ಲೋಹಗಳು. ಗಟ್ಟಿ ಏಟು ಬಿದ್ದರೆ ತಗಡು ತೆಳುವಾಗುತ್ತೆ. ಸೀಳಲೂಬಹುದು.

ಅಗಲ ಬಾಯಿಯ ಪಾತ್ರೆಯನ್ನು ನಾವೇ ಸರಿ ಮಾಡಬಹುದು. ಮರಳಿನ ಚೀಲದ ಮೇಲೆ ಪಾತ್ರೆ ಇಡೋಣ. ಮರದ ಕೊಡತಿಯಿಂದ ಒಳಗಡೆ ಮೆಲ್ಲಗೆ ತಟ್ಟೋಣ. ಮೊದಲು ನೆಗ್ಗಿನ ಅಂಚು. ಆಮೇಲೆ ನಡು. ಕೊಡದ ಬಾಯಿ ಸಣ್ಣದು. ಅದನ್ನು ಪಾತ್ರೆ ರಿಪೇರಿಯವರಿಗೆ ಕೊಡೋಣ.

ನೆಗ್ಗಿದ ಕೊಡದಲ್ಲಿ ನೀರು ಸ್ವಲ್ಪ ಕಡಿಮೆ ಹಿಡಿಯುತ್ತೆ. ಅಷ್ಟೆ. ಆದರೆ ಹಾಲು ಅಳೆಯುವ ಮಾಪು ನೆಗ್ಗಿದ್ದರೆ?

1 ಲೀಟರ್ ಅಂದರೆ 1000 ಮಿಲಿಲೀಟರ್. ನೆಗ್ಗಿನಿಂದ 50 ಮಿಲಿಲೀಟರ್ ಕಡಿಮೆ ಆಯ್ತು ಅನ್ನೋಣ. ದಿನಾ 1 ಲೀಟರ್ ಕೊಂಡರೆ 20 ದಿನಕ್ಕೆ 1 ಲೀಟರ್ ಹಾಲು ಹೋಯ್ತು! ದುಡ್ಡು ಮಾತ್ರ ಪೂರ್ತಿ ಕೊಟ್ಟಿರುತ್ತೇವೆ.

ಮಾಪಿನ ಮೇಲೆ ಸರ್ಕಾರದ ಮುದ್ರೆ ಇರಬೇಕು. ಮುದ್ರೆ ನೋಡೋಣ. ನೆಗ್ಗಿದ ಮಾಪು ಬೇಡ ಅನ್ನೋಣ. ಮಾತು ಕೇಳದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಬರೆಯೋಣ.

ಬರೆಯೋಕೆ ನಮಗೀಗ ಬರುತ್ತದಲ್ಲ!