ಪರದೇಶದ ಬಾಗಿಲಲ್ಲಿ ದಾಸೋಹದ ಪಾಠ

ದಾಸೋಹವೆಂದರೆ ಪಂಕ್ತಿಯಲ್ಲಿ ಅನ್ನ ಬಡಿಸುವದಷ್ಟೇ ಎಂದು ಅನೇಕರು ತಿಳಿದಿರುವರು. ಶರಣರ ದೃಷ್ಟಿಯಲ್ಲಿ ಅದರ ಅರ್ಥ ಹಿರಿದು. ಕೊಡುವವನು ತಾನೆಂಬ ಅಹಂಕಾರವು ದಾನದ ಬೆನ್ನಿಗೆ ಬರಬಹುದು. ಕೊಟ್ಟುದೆಲ್ಲ ಶಿವನದು, ತಾನು ಅವನ ಸೇವಕನೆಂಬ ಭಾವವಿದ್ದಲ್ಲಿ ಮಾತ್ರ ದಾಸೋಹವುಂಟು. ಬಂದವರ ಕುಲಗೋತ್ರಗಳನ್ನು ಕೆದಕದೆ ಅವರನ್ನು ತಮ್ಮವರೆಂದೇ ಬಗೆಯಬೇಕೆಂಬದು ಬಸವಣ್ಣನವರ ಬೋಧೆಯ ತಿರುಳು. ಈ ತತ್ತ್ವವು ಶರಣರ ನಾಡಿಗೆ ಬಹುದೂರದ ಒಬ್ಬ ಗೃಹಿಣಿಯ ನಡೆಯಲ್ಲಿ ತೋರಿಬಂದ ಪ್ರಸಂಗವೊಂದುಂಟು.

ಸ್ವಾಮಿ ವಿವೇಕಾನಂದರು 1892ರ ಅಕ್ಟೋಬರದಲ್ಲಿ ಕೊಲ್ಲಾಪುರದಿಂದ ಬೆಳಗಾವಿಗೆ ಬಂದು ಕೆಲದಿನ ತಂಗಿದ್ದರು. ಆಗ ಅವರು ಲೋಕವರಿಯದ ಪರಿವ್ರಾಜಕರು. ಆದರೂ ವಕೀಲರಾದ ಭಾಟೆಯವರೂ ಅರಣ್ಯಾಧಿಕಾರಿ ಹರಿಪದ ಮಿತ್ರರೂ ಅವರನ್ನು ಮನೆಯಲ್ಲಿರಿಸಿಕೊಂಡು ಆದರಿಸಿದರು. ಮರುವರ್ಷ ಮೇ 31ರಂದು ಸ್ವಾಮಿಗಳು ಮುಂಬಯಿಯಲ್ಲಿ ಹಡಗನ್ನೇರಿ ಅಮೇರಿಕೆಗೆ ತೆರಳಿದರು. ಶಿಕಾಗೋ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಹೋಗಲು ಅವರ ಬಳಿ ಪರಿಚಯಪತ್ರವಿರಲಿಲ್ಲ. ತಂದ ಹಣವೂ ಕರಗುತ್ತ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊ. ಜಾನ್ ಹೆನ್ರಿ ರೈಟ್ ಎಂಬವರು ಅವರ ಯೋಗ್ಯತೆಯನ್ನರಿತು ಪತ್ರ ಬರೆದುಕೊಟ್ಟರು. ಆದರೆ ಶಿಕಾಗೋಕ್ಕೆ ಮರಳಿದಾಗ ಸಮ್ಮೇಳನದ ಕಚೇರಿಯ ವಿಳಾಸವೇ ಕಳೆದುಹೋಗಿತ್ತು. ಆ ರಾತ್ರಿ ರೈಲ್ವೆ ಅಂಗಳದ ಖಾಲಿ ಡಬ್ಬಿಯೊಂದರಲ್ಲಿ ಮಲಗಿದರೆಂದು ಚರಿತ್ರಕಾರರು ಬರೆದಿರುವರು. ಬೆಳಗಾದ ಮೇಲೆ ಹಸಿದ ಹೊಟ್ಟೆಯಲ್ಲಿ ಮನೆಮನೆಯ ಬಾಗಿಲಿಗೆ ಹೋದರು. ಮಾಸಿದ ಬಟ್ಟೆಯನ್ನೂ ಮೈಬಣ್ಣವನ್ನೂ ಕಂಡವರು ಬಾಗಿಲು ಮುಚ್ಚಿಕೊಂಡರು.

ದಣಿದು ದಾರಿಯ ಬದಿಗೆ ಕುಳಿತಿದ್ದಾಗ ಎದುರುಮನೆಯ ಬಾಗಿಲು ತೆರೆಯಿತು. ಶ್ರೀಮತಿ ಹೇಲ್ ಎಂಬ ಗೃಹಿಣಿಯು ತಾನಾಗಿಯೇ ಬಂದು, ಸರ್ವಧರ್ಮ ಸಮ್ಮೇಳನಕ್ಕೆ ಬಂದವರೇನೆಂದು ವಿಚಾರಿಸಿದಳು. ಮನೆಯೊಳಗೆ ಕರೆದು ಉಣಿಸಿದಳು. ಬಳಿಕ ತಾನೇ ಕಚೇರಿಯವರೆಗೂ ಕರೆದೊಯ್ದಳು. 1893ರ ಸೆಪ್ಟೆಂಬರ 11ರಂದು ಸ್ವಾಮಿಗಳ ವಾಣಿಯನ್ನು ಲೋಕವು ಕೇಳಿತು. ಮುಂದೆ ಸ್ವಾಮಿಗಳು ಆಕೆಯನ್ನು ತಾಯಿಯೆಂದೇ ಭಾವಿಸಿದರು.

ಇಲ್ಲಿ ಭಕ್ತರು ಗಮನಿಸಬೇಕಾದ ಸಂಗತಿಯೊಂದಿದೆ. ಕೀರ್ತಿಯು ಬಂದುದು ಆಮೇಲೆ, ಅನ್ನವು ಬಂದುದು ಮೊದಲು. ಹೆಸರಾದವರನ್ನು ಸತ್ಕರಿಸುವದರಲ್ಲಿ ಸತ್ಕರಿಸುವವರ ಹೆಸರಿನ ಆಶೆಯೂ ಬೆರೆತಿರಬಹುದು. ಹೆಸರಿಲ್ಲದವನಿಗೆ ಬಡಿಸಿದ ತುತ್ತಿನಲ್ಲಿ ಅಂಥ ಆಶೆಗೆ ಎಡೆಯಿಲ್ಲ. ಆಕೆಯು ಬೇಡುವದಕ್ಕೆ ಮುನ್ನವೇ ಬಂದಳು. ಉಣಿಸಿದಲ್ಲಿಗೆ ತೃಪ್ತಳಾಗದೆ ಕಾರ್ಯವು ಮುಗಿಯುವವರೆಗೂ ಜೊತೆಗಿದ್ದಳು. ದಾಸೋಹದ ಲಕ್ಷಣವೂ ಇದೇ.

ಯಮಕನಮರಡಿಯ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯು ಹಗಲಿರುಳು ನಡೆದಿರುವದು. ಉತ್ತರದೇಶದ ಲಾರಿಯವರು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಯಾತ್ರಿಕರು, ಕೂಲಿಯನ್ನರಸಿ ಹೊರಟ ಪರಭಾಷೆಯ ಕುಟುಂಬಗಳು ಆ ದಾರಿಯಲ್ಲಿ ಸಾಗುವರು. ಅವರಿಗೆ ಈ ನೆಲವೇ ಪರದೇಶ. ಗುರುತಿಲ್ಲದವರನ್ನು ಕರೆಯಲು ಗೃಹಸ್ಥರು ಅಂಜುವದು ಸಹಜವೇ. ವಿಚಾರಿಸುವದು ತಪ್ಪಲ್ಲ, ಆ ತಾಯಿಯೂ ವಿಚಾರಿಸಿದಳು. ಆದರೆ ದೂರವಿಡಲು ಕೇಳುವ ಪ್ರಶ್ನೆ ಬೇರೆ, ಹತ್ತಿರ ಕರೆಯಲು ಕೇಳುವ ಪ್ರಶ್ನೆ ಬೇರೆ. ಮೊದಲನೆಯದು ಬಾಗಿಲಿಗೆ ಅಗುಳಿಯಾಗುವದು. ಎರಡನೆಯದು ಮನೆಯನ್ನೇ ಮಹಾಮನೆಯನ್ನಾಗಿಸುವದು. ದಾರಿಹೋಕನಿಗೆ ಒಂದು ತಂಬಿಗೆ ನೀರು, ಒಂದು ರೊಟ್ಟಿ, ಸರಿಯಾದ ದಾರಿಯ ಗುರುತು, ಇಷ್ಟನ್ನು ಕೊಡಲಾರದಷ್ಟು ಬಡತನವು ಯಾವ ಸದ್ಭಕ್ತನ ಮನೆಯಲ್ಲಿಯೂ ಇರಲಾರದು.