ಉಸಿರಿಗಿಂತ ಎಲುಬು ನಿಧಾನ: ತುಬಚಿ ಸೀಮೆಯ ಮ್ಯಾರಥಾನ್ ಅಭ್ಯಾಸ

ಮ್ಯಾರಥಾನ್ ಎಂಬುದು 42.195 ಕಿಲೋಮೀಟರ್ ದೂರದ ಓಟ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಳಕೆಗೆ ಬಂದ ಈ ಅಳತೆಯನ್ನು 1921ರಲ್ಲಿ ಅಂತಾರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟವು ಅಧಿಕೃತವೆಂದು ನಿಗದಿಪಡಿಸಿತು. ಇದನ್ನು ಎಷ್ಟು ಹೊತ್ತಿನಲ್ಲಿ ಓಡಿ ಮುಗಿಸಬೇಕೆಂಬುದರ ಬಗ್ಗೆ ಸಲಹೆಗಳಿಗೆ ಬರವಿಲ್ಲವಾದರೂ, ಓಟದ ಮರುದಿನವೇ ಕಬ್ಬಿಗೆ ನೀರು ಹಾಯಿಸಲು ಹೋಗಬೇಕಾದವನಿಗೆ ಬೇಕಾಗಿರುವುದು ಗಾಯವಿಲ್ಲದೆ ಓಡುವ ದಾರಿ. ಜಮಖಂಡಿ ತಾಲೂಕಿನ ತುಬಚಿಯ ಸುತ್ತಮುತ್ತ ಓಡಿದವರ, ಈ ಲೇಖಕನೂ ಸೇರಿದಂತೆ, ಅನುಭವದಿಂದ ಮೂಡಿದ ತಿಳಿವಳಿಕೆಯನ್ನು ಇಲ್ಲಿ ಆ ಒಂದೇ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಈ ಭಾಗಕ್ಕೆ ದೂರದ ಓಟ ಹೊಸದೇನಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ, ಇಂದಿನ ಅಳತೆಗಿಂತಲೂ ಉದ್ದವಾಗಿದ್ದ 42.75 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಅದೇ ಓಟದಲ್ಲಿ ಭಾರತದ ಇನ್ನೊಬ್ಬ ಸ್ಪರ್ಧಿ ಸದಾಶಿವ ದಾತಾರ್ ಓಟ ಪೂರ್ಣಗೊಳಿಸಲಿಲ್ಲ. ಆ ತಂಡವನ್ನು ಕಳುಹಿಸಲು ಮುಂದಾದ ದೋರಾಬ್ಜಿ ಟಾಟಾ ಅವರು ಪುಣೆಯ ಕ್ರೀಡಾಕೂಟದಲ್ಲಿ ನೋಡಿ ಬೆರಗಾದದ್ದು ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಜನರನ್ನು. ಹಿರಿಯರು ಬರಿಗಾಲಲ್ಲೇ ಓಡಿದ್ದಾರೆ, ಬೂಟು ಯಾಕೆ ಬೇಕು ಎಂಬ ವಾದ ಇಂದಿಗೂ ಕೇಳಿಬರುವುದು ಇಂಥ ಕಥೆಗಳ ಬಲದಿಂದಲೇ. ಆದರೆ ಬಾಲ್ಯದಿಂದಲೂ ಹೆಂಟೆ, ಕಲ್ಲು, ಕೂಳೆಗಳ ಮೇಲೆ ನಡೆದ ಪಾದಕ್ಕೂ, ಮೂವತ್ತು ವರ್ಷ ಚಪ್ಪಲಿ ಮೆಟ್ಟಿ ಆಮೇಲೆ ಒಮ್ಮೆಗೇ ಡಾಂಬರಿಗಿಳಿದ ಪಾದಕ್ಕೂ ಅಜಗಜಾಂತರವಿದೆ. ಇಲ್ಲಿ ಬೂಟಿಗಿಂತ ಮುಖ್ಯವಾದುದು ಪಾದಕ್ಕೆ ಸಿಕ್ಕ ಕಾಲಾವಕಾಶ.

ಗಾಯದ ಮೂಲವನ್ನು ಈ ಕಾಲಾವಕಾಶದಲ್ಲಿಯೇ ಹುಡುಕಬೇಕಾಗುತ್ತದೆ. ಓಟ ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಶ್ವಾಸಕೋಶಗಳು ಹೊಂದಿಕೊಂಡು ಏದುಸಿರು ಕಡಿಮೆಯಾಗುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳೂ ಎಲುಬುಗಳೂ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಹೊಸ ಭಾರ ಬಿದ್ದಾಗ ದೇಹವು ಮೊದಲು ಎಲುಬಿನ ಹಳೆಯ ಅಂಶವನ್ನು ಕರಗಿಸಿ ತೆಗೆದು, ಆ ಬಳಿಕವೇ ಹೊಸದನ್ನು ತುಂಬುತ್ತದೆ; ಕರಗಿಸುವ ಕೆಲಸ ಬೇಗ ಮುಗಿದು ತುಂಬುವ ಕೆಲಸ ನಿಧಾನವಾಗಿ ಸಾಗುವುದರಿಂದ, ನಡುವಿನ ಕೆಲವು ವಾರಗಳಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಓಟಗಾರನಿಗೆ ಮೈ ಹಗುರವೆನಿಸಿ ಇನ್ನಷ್ಟು ಓಡುವ ಹುರುಪು ಬರುವುದೂ ಸರಿಯಾಗಿ ಆಗಲೇ. ಪೊಲೀಸ್ ಮತ್ತು ಸೇನಾ ಭರ್ತಿಗೆಂದು 1,600 ಮೀಟರ್ ಓಟವನ್ನು ಬೆಳಗಿನ ಜಾವ ಅಭ್ಯಾಸ ಮಾಡುವ ಹುಡುಗರು ದೂರದ ಓಟಕ್ಕೆ ಹೊರಳಿದಾಗ ಮೊಣಕಾಲಿನ ಕೆಳಗಿನ ಎಲುಬಿನ ಒಳಅಂಚು ನೋಯತೊಡಗುವುದಕ್ಕೆ ಇದೇ ಕಾರಣ: ಅವರಲ್ಲಿ ಉಸಿರು ಸಿದ್ಧವಾಗಿದೆ, ಎಲುಬು ಸಿದ್ಧವಾಗಿಲ್ಲ.

ವಾರದಿಂದ ವಾರಕ್ಕೆ ದೂರವನ್ನು ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂಬ ನಿಯಮ ಎಲ್ಲೆಡೆ ಪ್ರಚಾರದಲ್ಲಿದೆ. ಆದರೆ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ನಿಯಮದಂತೆ 13 ವಾರ ತಯಾರಾದವರಲ್ಲೂ, 8 ವಾರಗಳ ವಾಡಿಕೆಯ ಕ್ರಮದಲ್ಲಿ ತಯಾರಾದವರಲ್ಲೂ ಐವರಲ್ಲಿ ಒಬ್ಬರಂತೆ ಗಾಯಗೊಂಡರು. ಆದ್ದರಿಂದ ಆ ಸಂಖ್ಯೆಗೆ ಮಂತ್ರದ ಶಕ್ತಿಯಿದೆಯೆಂದು ನಂಬುವುದು ಸಲ್ಲದು. ಅದಕ್ಕಿಂತ ಹೆಚ್ಚು ಹಾನಿ ಮಾಡುವುದು, ವಾರವಿಡೀ ಹೊಲದ ಕೆಲಸದಿಂದ ಬಿಡುವಾಗದೆ, ಬಿಟ್ಟುಹೋದ ಓಟವನ್ನೆಲ್ಲ ಭಾನುವಾರ ಒಂದೇ ಸಲಕ್ಕೆ ತೀರಿಸಲು ಹೊರಡುವ ಅಭ್ಯಾಸವೆಂಬುದು ಈ ಲೇಖಕನ ಅಭಿಪ್ರಾಯ. ತಪ್ಪಿದ ಓಟವನ್ನು ಬಾಕಿಯೆಂದು ಎಣಿಸದೆ ಅಲ್ಲಿಗೇ ಬಿಟ್ಟವರು ಹೆಚ್ಚು ಕಾಲ ಓಡಿದ್ದಾರೆ.

ನೆಲದ ವಿಚಾರವನ್ನು ತುಸು ವಿವರವಾಗಿ ಹೇಳಬೇಕು. ತುಬಚಿ ಸೀಮೆಯ ಎರೆ ಮಣ್ಣು ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಬೂಟಿನ ತಳಕ್ಕೆ ಮುದ್ದೆಗಟ್ಟಿ ಒಂದೊಂದು ಕಾಲನ್ನೂ ಭಾರ ಮಾಡುತ್ತದೆ. ಹಾಗಾಗಿ ಓಟಗಾರರು ಡಾಂಬರು ರಸ್ತೆಯನ್ನೇ ನೆಚ್ಚುತ್ತಾರೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಎರಡೂ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಡಬ್ಬಲ್ ಟ್ರಾಲಿಯ ಟ್ರ್ಯಾಕ್ಟರುಗಳು ಸಾಲುಗಟ್ಟಿದಾಗ ಓಡುವವನು ಆ ಇಳಿಜಾರಿಗೇ ಸರಿಯಬೇಕಾಗುತ್ತದೆ. ಎದುರಿನಿಂದ ಬರುವ ವಾಹನ ಕಾಣಲೆಂದು ಬಲಬದಿಯಲ್ಲಿ ಓಡುವುದು ಸುರಕ್ಷಿತವೇನೋ ಹೌದು. ಆದರೆ ಹೋಗುವಾಗಲೂ ಬಲಬದಿ, ಮರಳುವಾಗಲೂ ಬಲಬದಿ ಎಂದಾದಾಗ ಓಟ ಮುಗಿಯುವವರೆಗೂ ಬಲಗಾಲೇ ತಗ್ಗಿನಲ್ಲಿ ಊರುತ್ತದೆ. ಇದರಿಂದ ಸೊಂಟ ಒಂದು ಬದಿಗೆ ವಾಲಿ, ಸೊಂಟದಿಂದ ತೊಡೆಯ ಹೊರಬದಿಗುಂಟ ಮೊಣಕಾಲಿನವರೆಗೆ ಇಳಿಯುವ ನಾರಿನ ಪಟ್ಟಿಯ ಮೇಲೆ ಒತ್ತಡ ಬೀಳಬಹುದು. ವಾಹನವಿಲ್ಲದ ಕಾಲುವೆ ದಂಡೆಯ ದಾರಿಯಲ್ಲೋ ಶಾಲೆಯ ಮೈದಾನದಲ್ಲೋ ವಾರದ ಒಂದೆರಡು ಓಟವನ್ನಾದರೂ ಮಾಡಿ, ಮೈದಾನವಾದರೆ ಸುತ್ತುವ ದಿಕ್ಕನ್ನು ಬದಲಿಸುತ್ತ ಹೋದರೆ ಎರಡೂ ಕಾಲಿಗೆ ಸಮನಾದ ಕೆಲಸ ಸಿಗುತ್ತದೆ.

ಗಾಯ ತಡೆಯುವ ಉಪಾಯಗಳಲ್ಲಿ ಆಧಾರ ಗಟ್ಟಿಯಿರುವುದು ಭಾರ ಎತ್ತುವ ವ್ಯಾಯಾಮಕ್ಕೆ. ಹಲವು ಕ್ರೀಡೆಗಳ 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಬಲವರ್ಧನೆಯ ವ್ಯಾಯಾಮದಿಂದ ಗಾಯಗಳು ಬಹಳಷ್ಟು ತಗ್ಗುತ್ತವೆಂದೂ, ಬರೀ ಮೈ ಎಳೆಯುವ ಸ್ಟ್ರೆಚಿಂಗ್‌ನಿಂದ ಅಂಥ ಲಾಭ ಕಾಣಲಿಲ್ಲವೆಂದೂ ತೋರಿಸಿತು. ಗರಡಿಮನೆಯಲ್ಲಿ ಬಸ್ಕಿ ಹೊಡೆದವರಿಗೆ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ವಾರಕ್ಕೆ ಎರಡು ದಿನ ಬಸ್ಕಿ, ಕಟ್ಟೆಯ ಅಂಚಿನಲ್ಲಿ ಬೆರಳ ತುದಿ ಊರಿ ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು, ಒಂಟಿಗಾಲಲ್ಲಿ ನಿಂತು ಬಾಗುವುದು ಇಷ್ಟಕ್ಕೆ ಯಂತ್ರಗಳಿರುವ ಜಿಮ್ ಬೇಕಿಲ್ಲ.

ನೀರಿನ ಬಗೆಗೂ ತಪ್ಪು ತಿಳಿವಳಿಕೆಯಿದೆ. ಸಿಕ್ಕಷ್ಟು ಕುಡಿಯಬೇಕೆಂಬ ಸಲಹೆ ಅಪಾಯಕಾರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ರಕ್ತದಲ್ಲಿ ಸೋಡಿಯಂ ಕುಸಿದಿತ್ತು, ಮತ್ತು ಇದು ಓಟದ ನಡುವೆ ನೀರು ಕುಡಿದೇ ತೂಕ ಹೆಚ್ಚಿಸಿಕೊಂಡವರಲ್ಲಿ ಅಧಿಕವಾಗಿತ್ತು. ಬಾಯಾರಿದಾಗ ಕುಡಿದರೆ ಸಾಕು. ಓಟಕ್ಕೆ ಮುಂಚೆ ನೋವಿನ ಗುಳಿಗೆ ನುಂಗುವುದಂತೂ ಮೂತ್ರಪಿಂಡಕ್ಕೂ ಕೇಡು, ನೋವು ಕೊಡುವ ಸೂಚನೆಗೂ ಅಡ್ಡಿ.

ಆ ಸೂಚನೆಯನ್ನು ಓದಲು ಒಂದು ಸುಲಭ ಭೇದವಿದೆ. ಎರಡೂ ತೊಡೆಗಳಲ್ಲಿ ಹರಡಿಕೊಂಡು, ಓಡುತ್ತ ಓಡುತ್ತ ಸಡಿಲಾಗಿ, ಎರಡು ಮೂರು ದಿನಗಳಲ್ಲಿ ಇಳಿಯುವ ನೋವು ಸ್ನಾಯುವಿನದು, ಅದಕ್ಕೆ ಅಂಜಬೇಕಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಓಡಿದಷ್ಟೂ ಏರುತ್ತ ರಾತ್ರಿ ಮಲಗಿದಾಗಲೂ ಕಾಡುವ ನೋವು ಎಲುಬಿನ ಬಿರುಕಾಗಿರಬಹುದು. ಈ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದಿರುವುದು ಸಾಮಾನ್ಯವಾದ್ದರಿಂದ, ಚಿತ್ರ ಚೊಕ್ಕಟವಾಗಿದೆಯೆಂದು ಮರುದಿನವೇ ಓಟಕ್ಕಿಳಿಯದೆ, ಎಂಆರ್‌ಐ ಬೇಕೇ ಎಂದು ವೈದ್ಯರನ್ನೇ ಕೇಳುವುದು ಒಳ್ಳೆಯದು. ಅಲ್ಲಿಯವರೆಗೆ ಸ್ಪರ್ಧೆಗೆ ಕಟ್ಟಿದ ಶುಲ್ಕ ಹೋದರೆ ಹೋಗಲಿ.