ಹೆಪ್ಪಿನ ವಿಚಾರ ಮತ್ತು ಮೊಸರಿನ ಕಾಲಮರ್ಯಾದೆ

ಅಷ್ಟಮಿಯಂದು ಪ್ರೋಷಧೋಪವಾಸ ಮಾಡುವ ಮನೆಗಳಲ್ಲಿ ನವಮಿಯ ಬೆಳಿಗ್ಗೆ ಒಂದು ಸಣ್ಣ ತೊಡಕು ತಪ್ಪದೆ ಬರುತ್ತದೆ. ಪಾರಣೆಗೆ ಮೊಸರು ಬೇಕು. ಹಾಲಿಗೆ ಹಾಕಲು ಹೆಪ್ಪಿಲ್ಲ. ಸಪ್ತಮಿಯ ಸಂಜೆಯ ಮೊಸರು ಉಳಿದಿದ್ದರೂ ಅದರ ಕಾಲ ಮುಗಿದಿದೆ. ಆಗ ಬಟ್ಟಲು ಹಿಡಿದು ನೆರೆಮನೆಗೆ ಹೋಗುವುದು ವಾಡಿಕೆ. ಆ ಬಟ್ಟಲನ್ನು ಕುರಿತೇ ಧರ್ಮಬಂಧುಗಳಲ್ಲಿ ನಾಲ್ಕು ಮಾತು ನಿವೇದಿಸಬೇಕೆಂದಿದ್ದೇನೆ.

ಮೊದಲು ಲೆಕ್ಕ. ಕರೆದ ಹಾಲನ್ನು ಶುದ್ಧವಾದ ದಪ್ಪ ಬಟ್ಟೆಯಲ್ಲಿ ಸೋಸಿ, ಎರಡು ಗಳಿಗೆಯೊಳಗೆ, ಎಂದರೆ 48 ನಿಮಿಷಗಳೊಳಗೆ, ಕಾಯಿಸತಕ್ಕದ್ದು. ಹೀಗೆ ಕಾಯಿಸಿದ ಹಾಲಿಗೆ ಎಂಟು ಜಾವ, ಅಂದರೆ 24 ಗಂಟೆ. ಮೊಸರಿಗೂ ವ್ರತಿಕರ ಅಡಿಗೆಮನೆಯಲ್ಲಿ ಎಂಟು ಜಾವವೇ. ಆದರೆ ಈ ಎಣಿಕೆ ಹೆಪ್ಪು ಹಾಕಿದ ಗಳಿಗೆಯಿಂದಲೇ ಹೊರತು ಮೊಸರು ಗಟ್ಟಿಯಾದ ಗಳಿಗೆಯಿಂದಲ್ಲ. ಅನೇಕರು ತಪ್ಪುವುದು ಇಲ್ಲಿಯೇ. ಶೀತಪೆಟ್ಟಿಗೆಯಲ್ಲಿಟ್ಟರೆ ಹುಳಿಯುವುದು ನಿಧಾನವಾಗುವುದು ನಿಜ. ಮರ್ಯಾದೆಯನ್ನು ಹುಳಿಯಿಂದ ಅಳೆಯುವುದಿಲ್ಲವಾದ ಕಾರಣ ಆ ಪೆಟ್ಟಿಗೆ ಒಂದು ನಿಮಿಷವನ್ನೂ ಹೆಚ್ಚಿಸಲಾರದು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಎರಡು ದಿನ ಕಳೆದ ಮೊಸರು ಮಜ್ಜಿಗೆಗಳನ್ನು ತ್ಯಜಿಸಬೇಕೆಂದು ಹೇಳಿದ್ದಾರೆ. ಅದನ್ನು ಅವರು ಇಟ್ಟಿರುವ ಸ್ಥಳ ಗಮನಾರ್ಹವಾದುದು: ಮದ್ಯತ್ಯಾಗ ವ್ರತದ ಅತಿಚಾರಗಳಲ್ಲಿ, ಉಪ್ಪಿನಕಾಯಿ ಮೊದಲಾದವುಗಳ ಸಾಲಿನಲ್ಲಿ! ಹಳೆಯ ಮೊಸರನ್ನು ಕಳ್ಳಿನ ನೆಂಟನೆಂದು ನಮ್ಮಲ್ಲಿ ಎಷ್ಟು ಜನ ಎಣಿಸಿದ್ದೇವೆ? ಗ್ರಂಥದಲ್ಲಿ ಎರಡು ದಿನವಿರುವಾಗ ಒಂದೇ ದಿನವೆಂಬ ಕಟ್ಟು ಏಕೆಂದು ಕೇಳುವವರಿದ್ದಾರೆ. ನಿಯಮ ಸ್ವೀಕರಿಸುವಾಗ ಯಾವ ಅವಧಿಯನ್ನು ಹಿಡಿದಿರೋ ಅದನ್ನೇ ಪಾಲಿಸಿರಿ. ಇತರ ದಿನಗಳಲ್ಲಿ ಎಂಟು ಜಾವ, ನವಮಿಯಂದು ಮಾತ್ರ ಹದಿನಾರು ಜಾವ ಎಂಬುದು ಸಲ್ಲದು.

ಇನ್ನು ಹೆಪ್ಪು. ಹೆಪ್ಪೆಂಬುದೂ ಮೊಸರೇ ತಾನೇ? ಅದರ ಕಾಲ ಮೀರಿದ್ದರೆ ಅದೂ ಅಭಕ್ಷ್ಯ; ಅದನ್ನು ಬೆರೆಸಿದ ಹಾಲು ಎಷ್ಟೇ ಹೊಸದಾದರೂ ಶೋಧದ್ದಾಗಲಾರದು. ಕೆಲವು ವರ್ಷಗಳ ಹಿಂದೆ ಒಂದು ನವಮಿಯಂದು ನಮ್ಮ ಮನೆಯಲ್ಲಿ ಇದೇ ನಡೆಯಿತು. ಪ್ರತಿಮೆ ಧರಿಸಿದ್ದ ನನ್ನ ಅಕ್ಕನವರು ಬಂದಿದ್ದರು. ನಾನೇ ಬೆಳಿಗ್ಗೆ ಆರಕ್ಕೆ ನೆರೆಮನೆಯಿಂದ ಹೆಪ್ಪು ತಂದೆ. ಬೇಸಿಗೆಯಾದ್ದರಿಂದ ಹನ್ನೊಂದಕ್ಕೆ ಮೊಸರು ಸೊಗಸಾಗಿ ಕೂಡಿತ್ತು. ಅವರು ಎರಡು ಸೌಟು ಬಡಿಸಿಕೊಂಡರು. ಆ ಹೆಪ್ಪು ಅಂಗಡಿಯ ಪೊಟ್ಟಣದ್ದು, ತಂದು ಮೂರು ದಿನವಾಗಿತ್ತು ಎಂಬುದು ಮಧ್ಯಾಹ್ನ ತಿಳಿಯಿತು. ಹೇಳಿದರೆ ಅವರಿಗೆ ನೋವು, ಹೇಳದಿದ್ದರೆ ನನಗೆ ಮಾಯಾಚಾರ. ಸಂಜೆಯವರೆಗೂ ನಾಲಿಗೆ ಏಳಲಿಲ್ಲ. ಕೊನೆಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, “ಮಧ್ಯಾಹ್ನವೇ ಏಕೆ ಹೇಳಲಿಲ್ಲ, ತಮ್ಮಾ?” ಎಂದಷ್ಟೇ ಕೇಳಿ, ಮುಂದಿನ ಚತುರ್ದಶಿಯವರೆಗೆ ಮೊಸರನ್ನು ಬಿಟ್ಟರು. ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಹೆಪ್ಪಿಲ್ಲದೆ ಮೊಸರು ಮಾಡುವ ಬಗೆಗಳನ್ನು ಅಂದಿನಿಂದ ಪರೀಕ್ಷಿಸಿ ನೋಡಿದೆ. ಬೆಳ್ಳಿಯ ನಾಣ್ಯ ಹಾಕಿದರೆ ಸಾಕೆಂದು ಹಿರಿಯರು ಹೇಳುವುದುಂಟು. ಹಳೆಯ ಮಣ್ಣಿನ ಗಡಿಗೆಯಲ್ಲಿ ಕೂಡಿತು. ಕುದಿನೀರಿನಲ್ಲಿ ತೊಳೆದ ಹೊಸ ಸ್ಟೀಲು ಪಾತ್ರೆಯಲ್ಲಿ ಕೂಡಲಿಲ್ಲ. ಗಡಿಗೆಯ ರಂಧ್ರಗಳಲ್ಲಿ ಉಳಿದ ಹಿಂದಿನ ಮೊಸರೇ ಅಲ್ಲಿ ಹೆಪ್ಪಾಯಿತೆಂದು ನನ್ನ ಊಹೆ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದರೆ ಹಾಲು ಒಡೆಯುವುದೇ ಹೊರತು ಮೊಸರಾಗುವುದಿಲ್ಲ. ನೆಚ್ಚಬಹುದಾದದ್ದು ಒಣಮೆಣಸಿನಕಾಯಿಯ ತೊಟ್ಟು. ಕಾಯಿಸಿದ ಹಾಲು ಬೆರಳು ಸಹಿಸುವಷ್ಟು ಬಿಸಿಯಿರುವಾಗ, ಅರ್ಧ ಲೀಟರಿಗೆ ಎಂಟು ಹತ್ತು ತೊಟ್ಟು ಮುಳುಗುವಂತೆ ಹಾಕಿ, ಮುಚ್ಚಿ, ಬೆಚ್ಚಗಿರುವ ಕಡೆ ಹತ್ತು ಹನ್ನೆರಡು ಗಂಟೆ ಕದಲಿಸದೆ ಇಡಬೇಕು. ಚಳಿಗಾಲದಲ್ಲಿ ಇನ್ನೂ ತಡವಾಗುವುದು. ಮೊದಲ ಸಲ ಮೊಸರು ತೆಳ್ಳಗೆ, ತುಸು ಲೋಳೆಯಾಗಿರುವುದು. ಅದರ ಒಂದು ಚಮಚವನ್ನು, ಅದರ ಕಾಲ ಮುಗಿಯುವ ಮೊದಲೇ, ಹೊಸ ಹಾಲಿಗೆ ಹಾಕಿದರೆ ಎರಡನೆಯದು ಗಟ್ಟಿಯಾಗಿ ಕೂಡುವುದು.

ಇದನ್ನು ನೋಡುತ್ತಿದ್ದ ಮೊಮ್ಮಗನು, “ಅಜ್ಜಾ, ಹಾಲಿನ ಸಕ್ಕರೆಯನ್ನು ಆಮ್ಲವಾಗಿಸಿ ಮೊಸರು ಮಾಡುವುದೇ ಬ್ಯಾಕ್ಟೀರಿಯಾ. ಆ ತೊಟ್ಟಿನ ಮೇಲೂ ಅವು ಇರುತ್ತವೆ. ಹಾಗಾದರೆ ನಿಮ್ಮ ಮೊಸರು ಹೇಗೆ ಶುದ್ಧ?” ಎಂದನು. ವಿಜ್ಞಾನ ಓದಿದ ಹುಡುಗನ ಮಾತು ಸರಿಯಾಗಿಯೇ ಇದೆ. ಅವನ್ನು ನಮ್ಮ ಆಚಾರ್ಯರು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರೆಂದು ವಾದಿಸುವ ಲೇಖನಗಳನ್ನು ಓದಿದ್ದೇನೆ. ನನಗೆ ಅವು ರುಚಿಸುವುದಿಲ್ಲ. ತೊಟ್ಟಿನ ಹೆಪ್ಪು ಜೀವರಹಿತವೆಂದು ನಾನು ಹೇಳಲಾರೆ. ಅದು ಎಷ್ಟು ಗಂಟೆಯದೆಂಬುದು ಮಾತ್ರ ನನಗೆ ಗೊತ್ತು. ನೆರೆಮನೆಯ ಬಟ್ಟಲಿನದು ಗೊತ್ತಿಲ್ಲ. ಶ್ರಾವಕನ ವ್ರತ ಅಣುವ್ರತ; ಅವನಿಗೆ ವಿಧಿಸಿರುವುದು ಮಿತಿ. ಅದರಿಂದಲೂ ಸಂದೇಹ ತೀರದವರಿಗೆ ರಸಪರಿತ್ಯಾಗವೆಂಬ ತಪಸ್ಸು ಇದ್ದೇ ಇದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಮೊಸರೂ ಒಂದು.

ಈಗ ನವಮಿಯ ತೊಡಕು. ಉಪವಾಸವಿರುವವರು ಆರಂಭವನ್ನೂ ಬಿಟ್ಟಿರುವುದರಿಂದ ಹಾಲಿಗೆ ತೊಟ್ಟು ಹಾಕುವುದು ಅವರ ಕೆಲಸವಲ್ಲ. ಉಪವಾಸವಿಲ್ಲದ ಸೊಸೆಯೋ ಮಗನೋ ಅಷ್ಟಮಿಯ ಸಂಜೆ ಬೆಳಕಿರುವಾಗಲೇ ಹಾಕಿ, ಹಾಕಿದ ಹೊತ್ತನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಲಿ. ಬಾಯಿಮಾತು ಮರೆತುಹೋಗುತ್ತದೆ. ಪಾರಣೆಯ ಮೊಸರನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆಗಳ ಒಗ್ಗರಣೆ ಬೇಡ, ಅದು ದ್ವಿದಳದೋಷ. ಸಾಸಿವೆ, ಜೀರಿಗೆ ಸಾಕು. ಮನೆಯವರೆಲ್ಲರೂ ಉಪವಾಸವಿದ್ದರೆ ಅಂದು ಮೊಸರಿಲ್ಲ. ಅದೇ ಬೆಳಿಗ್ಗೆ ಕರೆದು ಕಾಯಿಸಿದ ಹಾಲಿನೊಡನೆ ಅನ್ನ ಉಂಡು ಪಾರಣೆ ಮಾಡಿರಿ. ನಮ್ಮ ಮನೆಯಲ್ಲಿ ಈಗ ಹಾಗೆಯೇ ನಡೆದಿದೆ.